ಮಣ್ಣಿನೊಳಗಿನ ಕೂಗು

2022ರ ಡಿಸೆಂಬರ್‌ನಲ್ಲಿ ನಮ್ಮ ಮುಧೋಳದಲ್ಲಿ ತಂದೆಯನ್ನು ಕೊಂದು, ತುಂಡರಿಸಿ, ಕೊಳವೆಬಾವಿಗೆ ಹಾಕಿದ ಆರೋಪದ ಮೇಲೆ ಮಗನನ್ನು ಬಂಧಿಸಿದರು. ಪೊಲೀಸರು ಜೆಸಿಬಿಯಿಂದ ಅಗೆಸಿ ತುಂಡುಗಳನ್ನು ತೆಗೆಸಿದರು. ಆಗ ನಾವೇನ್ ಮಾಡಿದ್ವಿ? ವಿಡಿಯೋ ಫಾರ್ವರ್ಡ್ ಮಾಡಿದ್ವಿ. 'ಅವನ್ನ ಗಲ್ಲಿಗೆ ಹಾಕ್ರಿ' ಅಂದ್ವಿ. ನಾನೂ ಎರಡು ಸಲ ನೋಡಿದೆ. ಪ್ರಾರ್ಥನೆ ಒಂದು ಸಲವೂ ಮಾಡಲಿಲ್ಲ.

ಆದಿಕಾಂಡ 4 ತೆಗೀರಿ. ಹೇಬೆಲನ ರಕ್ತದ ಕೂಗು ದೇವರಿಗೆ ಮಣ್ಣಿನೊಳಗಿಂದಲೇ ಕೇಳಿಸಿತು. ಅದೇ ದೇವರು ಕಾಯಿನನನ್ನು ಯಾರೂ ಕೊಲ್ಲದಂತೆ ಅವನಿಗೊಂದು ಗುರುತನ್ನೂ ಇಟ್ಟನು. ಸಾಕ್ಷ್ಯ ನೋಡೋದು ನ್ಯಾಯಾಲಯದ ಕೆಲಸ. ಕೂಗು ಕೇಳೋದು ನಮ್ಮ ಕೆಲಸ. ಒಂದೇ ಮನೆ ತಂದೆಯನ್ನೂ ಮಗನನ್ನೂ ಕಳಕೊಂಡಿತು. ಆ ಮನೆಗಾಗಿ ಈಗ ಮೊಣಕಾಲೂರೋಣ. ಅಪ್ಪನ ಮೇಲೆ ನಾವು ಇಟ್ಟುಕೊಂಡಿರೋ ಸಿಟ್ಟನ್ನೂ ಕರ್ತನ ಪಾದಕ್ಕೆ ಹಾಕೋಣ. ಆಮೆನ್.