ಕೈಬಿಟ್ಟ ಹಕ್ಕಿ

ರಾತ್ರಿ ನಿದ್ದೆ ಬಾರದಿದ್ದಾಗ ನಾನು ತೆರೆದುಕೊಂಡು ಕೂರುವ ಪುಸ್ತಕ ಒಂದಿದೆ. ಪುಸ್ತಕ ಇರುವುದು ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ನಾನು ನೋಡುವುದು ಕಂಪ್ಯೂಟರಿನಲ್ಲಿ. ಕೋಡೆಕ್ಸ್ ಮನೆಸ್ಸೆ ಎಂದು ಅದರ ಹೆಸರು. ಏಳುನೂರು ವರ್ಷಗಳ ಹಿಂದೆ ಜೂರಿಕ್ಕಿನಲ್ಲಿ ಬರೆಸಿದ್ದು. 426 ತೊಗಲಿನ ಹಾಳೆಗಳು, ತುಂಬ ಪ್ರೇಮದ ಹಾಡುಗಳು, ಹಾಡು ಕಟ್ಟಿದವರ ಚಿತ್ರಗಳು 137. ಆ ಹಳೆಯ ಜರ್ಮನ್ ನನಗೆ ಒಂದಕ್ಷರವೂ ಬಾರದು. ಚಿತ್ರ ನೋಡಲು ಭಾಷೆ ಯಾಕೆ ಎಂದು ಸಮಾಧಾನ ಮಾಡಿಕೊಂಡು ಪುಟ ತಿರುಗಿಸುತ್ತೇನೆ.

ಮೊದಲ ಚಿತ್ರ ಒಬ್ಬ ಚಕ್ರವರ್ತಿಯದು. ಎರಡನೆಯದಕ್ಕೆ ಬಂದರೆ ನಾನು ಮುಂದೆ ಹೋಗುವುದು ಕಷ್ಟ. ಕುದುರೆಯ ಮೇಲೆ ಒಬ್ಬ ಹುಡುಗ. ಬೇಟೆಗೆ ಬಂದಿದ್ದರೂ ತಲೆಯ ಮೇಲೆ ಕಿರೀಟ. ಹಿಂದೆ ಕುದುರೆಯ ಮೇಲೆಯೇ ಒಬ್ಬ ಸಂಗಾತಿ, ಕಾಲಬುಡದಲ್ಲಿ ನಾಯಿಗಳು. ಹುಡುಗನ ಕೈ ಮೇಲಕ್ಕೆದ್ದಿದೆ. ಹಕ್ಕಿ ಆಗಲೇ ಗಾಳಿಯಲ್ಲಿದೆ. ಬೇಟೆಗೆ ಪಳಗಿಸಿದ ಡೇಗೆ ಅದು. ಇಂಥ ಗಿಡುಗಕ್ಕೆ ನಮ್ಮಲ್ಲಿ ಸಾಳುವ ಎಂಬ ಮಾತೂ ಇದೆ, ವಿಜಯನಗರವಾಳಿದ ಒಂದು ಮನೆತನಕ್ಕೇ ಆ ಹೆಸರು.

ಈ ಹುಡುಗ ಕೊನ್ರಾಡ, ಹೋಹೆನ್‌ಸ್ಟೌಫೆನ್ ವಂಶದ ಕಡೆಯ ಕುಡಿ. ಇಟಲಿಯವರು ಕೊರಾಡಿನೊ ಎಂದರು, ಜರ್ಮನರು ಕೊನ್ರಾಡಿನ್ ಎಂದರು. ಎರಡೂ ಒಂದೇ, ಪುಟ್ಟ ಕೊನ್ರಾಡ ಅಂತ. ಹುಟ್ಟಿದ್ದು 1252ರ ಮಾರ್ಚ್ 25ರಂದು, ಬವೇರಿಯದ ಲಾಂಡ್ಸ್‌ಹುಟ್ ಹತ್ತಿರದ ವೋಲ್ಫ್‌ಸ್ಟೈನ್ ಕೋಟೆಯಲ್ಲಿ. ತಲೆ ಕಡಿಸಿಕೊಂಡದ್ದು 1268ರ ಅಕ್ಟೋಬರ್ 29ರಂದು, ನೇಪಲ್ಸಿನ ಸಂತೆಯ ಬಯಲಿನಲ್ಲಿ. ಲೆಕ್ಕ ಹಾಕಿದರೆ ಹದಿನಾರು ವರ್ಷ, ಏಳು ತಿಂಗಳು. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಹುಡುಗರು ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಹುಡುಕುತ್ತಿರುತ್ತಾರೆ.

ಅವನ ಅಜ್ಜ ಚಕ್ರವರ್ತಿ ಎರಡನೆಯ ಫ್ರೆಡರಿಕ್. ಬದುಕಿದ್ದ ಕಾಲದವರೇ ಅವನನ್ನು ಲೋಕವಿಸ್ಮಯ ಎಂದು ಕರೆದರು. ಎಷ್ಟೋ ದೊರೆಗಳಿಗೆ ಎಷ್ಟೋ ಬಿರುದುಗಳಿವೆ, ಆದರೆ ಇದೊಂದನ್ನು ಓದಿದಾಗ ಮಾತ್ರ ಭಟ್ಟಂಗಿಗಳ ವಾಸನೆ ಬರುವುದಿಲ್ಲ. ಹಾಗೆಂದವರಲ್ಲಿ ಅವನನ್ನು ಮೆಚ್ಚಿದವರಿಗಿಂತ ಹೆದರಿದವರೇ ಹೆಚ್ಚಿರಬೇಕು. ಡೇಗೆ ಬೇಟೆಯ ಮೇಲೆ ಅವನು ಲ್ಯಾಟಿನ್ನಿನಲ್ಲಿ ಆರು ಭಾಗಗಳ ಗ್ರಂಥ ಬರೆದ. ನಮ್ಮ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಅದಕ್ಕೂ ನೂರು ವರ್ಷ ಮೊದಲೇ ‘ಮಾನಸೋಲ್ಲಾಸ’ದಲ್ಲಿ ಗಿಡುಗದ ಬೇಟೆಗೆ ಜಾಗ ಕೊಟ್ಟಿದ್ದನಲ್ಲ ಎಂದು ನಮ್ಮ ಮನಸ್ಸು ಬೀಗುವುದು ಸಹಜವೇ. ಆದರೆ ಫ್ರೆಡರಿಕ್ಕನ ಹುಚ್ಚು ಬೇರೆ ತರಹದ್ದು. ರಣಹದ್ದು ಹೆಣವನ್ನು ಮೂಗಿನಿಂದ ಪತ್ತೆ ಮಾಡುತ್ತದೋ ಕಣ್ಣಿನಿಂದಲೋ? ಅವನು ಹದ್ದುಗಳ ರೆಪ್ಪೆ ಹೊಲಿಸಿ ಮುಂದೆ ಮಾಂಸ ಇಡಿಸಿದ. ಮೂಗು ತೆರೆದೇ ಇತ್ತು, ಹದ್ದುಗಳಿಗೆ ಮಾಂಸದ ಗೊಡವೆಯೇ ಇರಲಿಲ್ಲ. ಬಿಸಿಲಿನ ಕಾವಿಗೇ ಉಷ್ಟ್ರಪಕ್ಷಿಯ ಮೊಟ್ಟೆ ಮರಿಯಾಗುತ್ತದೆ ಎಂದು ಕೇಳಿ, ಈಜಿಪ್ಟಿನಿಂದ ಬಲ್ಲವರನ್ನು ಕರೆಸಿ ತನ್ನ ಅಪೂಲಿಯದ ಬಿಸಿಲಿನಲ್ಲಿ ಪರೀಕ್ಷೆ ಮಾಡಿಸಿದ.

ನನಗೆ ಇಷ್ಟವಾದದ್ದು ಬಾತಿನ ಕಥೆ. ಉತ್ತರದ ಸಮುದ್ರದಲ್ಲಿ ಕೊಳೆಯುವ ಮರದ ದಿಮ್ಮಿಯಿಂದ ಒಂದು ಜಾತಿಯ ಬಾತು ಹುಟ್ಟುತ್ತದೆ ಎಂದು ಆಗಿನ ಪಂಡಿತರೂ ನಂಬಿದ್ದರು. ಇವನು ಜನ ಕಳಿಸಿ ಅಂಥ ಮರದ ತುಂಡುಗಳನ್ನೇ ತರಿಸಿದ. ಕೂತು ನೋಡಿದ. ಅಂಟಿಕೊಂಡ ಚಿಪ್ಪುಗಳಿದ್ದವು, ಅವುಗಳಲ್ಲಿ ಹಕ್ಕಿಯ ಆಕಾರ ಎಲ್ಲೂ ಇರಲಿಲ್ಲ. ಈ ಬಾತುಗಳು ಯಾರೂ ಹೋಗದ ದೂರದಲ್ಲಿ ಗೂಡು ಕಟ್ಟುತ್ತಿರಬೇಕು, ಕಾಣದವರು ಕಥೆ ಕಟ್ಟಿದ್ದಾರೆ ಎಂದು ಬರೆದ. ಅವು ಗೂಡು ಕಟ್ಟುವುದು ನಿಜಕ್ಕೂ ಆರ್ಕ್ಟಿಕ್ಕಿನ ಬಂಡೆಗಳಲ್ಲಿ. ವಿಸ್ಮಯ ಎಂದರೆ ಬಾಯಿ ಬಿಟ್ಟು ನಿಲ್ಲುವುದು ಎಂದುಕೊಂಡಿದ್ದ ನನಗೆ, ಕೊಳೆತ ಮರದ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಚಿಪ್ಪು ಬಿಡಿಸುವ ಚಕ್ರವರ್ತಿ ಬೇರೊಂದು ತೋರಿಸಿದ. ಬೆರಗಾದವನಿಗೆ ಕೈ ಸುಮ್ಮನಿರುವುದಿಲ್ಲ.

ಮೊಮ್ಮಗ ಈ ಅಜ್ಜನನ್ನು ನೋಡಲಿಲ್ಲ. ಫ್ರೆಡರಿಕ್ ಸತ್ತದ್ದು 1250ರಲ್ಲಿ. ಅಪ್ಪನನ್ನೂ ನೋಡಲಿಲ್ಲ, ಅವನು ಇಟಲಿಯಲ್ಲಿ ಜ್ವರದಿಂದ ತೀರಿಕೊಂಡಾಗ ಹುಡುಗನಿಗೆ ಎರಡು ವರ್ಷ. ಎರಡನೆಯ ವರ್ಷಕ್ಕೇ ಅವನು ಸಿಸಿಲಿಯ ರಾಜ, ಜೆರುಸಲೇಮಿನ ರಾಜ, ಸ್ವೇಬಿಯದ ಡ್ಯೂಕ್. ಸಿಸಿಲಿಯನ್ನು ಚಿಕ್ಕಪ್ಪ ಮ್ಯಾನ್‌ಫ್ರೆಡ್ ಆಳುತ್ತಿದ್ದ. ಜೆರುಸಲೇಮ್ ಪಟ್ಟಣ ಕ್ರೈಸ್ತರ ಕೈತಪ್ಪಿ ಹತ್ತು ವರ್ಷವಾಗಿತ್ತು. ಇವನಿದ್ದದ್ದು ಬವೇರಿಯದಲ್ಲಿ, ಸೋದರಮಾವ ಲುಡ್ವಿಗ್‌ನ ಆಸರೆಯಲ್ಲಿ. ಅಮ್ಮ ಎಲಿಸಬೆತ್ 1259ರಲ್ಲಿ ಟಿರೋಲಿನ ದೊರೆಯನ್ನು ಮದುವೆಯಾದಳು.

ಡೇಗೆಯನ್ನು ಪಳಗಿಸುವ ಕ್ರಮ ಅಜ್ಜನ ಗ್ರಂಥದಲ್ಲಿದೆ. ಹೊಸದಾಗಿ ಹಿಡಿದ ಹಕ್ಕಿಯ ಕೆಳರೆಪ್ಪೆಗಳನ್ನು ಸೂಜಿದಾರದಿಂದ ಮೇಲಕ್ಕೆ ಹೊಲಿಯುತ್ತಾರೆ. ಕತ್ತಲಲ್ಲಿ ಅದು ಮನುಷ್ಯರ ದನಿಗೆ, ಮುಷ್ಟಿಯ ಅಲುಗಾಟಕ್ಕೆ, ತುತ್ತು ಕೊಡುವ ಬೆರಳಿಗೆ ಒಗ್ಗುತ್ತದೆ. ಆಮೇಲೆ ಇಷ್ಟಿಷ್ಟೇ ದಾರ ಸಡಿಲಿಸಿ ಲೋಕವನ್ನು ತೋರಿಸುತ್ತಾರೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಕೊನ್ರಾಡನ ಬಾಲ್ಯದ ಬಗ್ಗೆ ಯೋಚಿಸುವಾಗಲೆಲ್ಲ ಈ ಹೊಲಿದ ರೆಪ್ಪೆ ನೆನಪಾಗುತ್ತದೆ. 1266ರಲ್ಲಿ ಬೆನೆವೆಂಟೊ ಕಾಳಗದಲ್ಲಿ ಮ್ಯಾನ್‌ಫ್ರೆಡ್ ಸತ್ತ, ಪೋಪ್ ಕರೆತಂದ ಫ್ರಾನ್ಸಿನ ಆಂಜೂ ಚಾರ್ಲ್ಸ್ ಸಿಸಿಲಿಯ ಗದ್ದುಗೆಯಲ್ಲಿ ಕುಳಿತ. ಆಲ್ಪ್ಸ್ ದಾಟಿ ಬಂದ ಇಟಲಿಯ ಬೆಂಬಲಿಗರು ಹದಿನಾಲ್ಕರ ಹುಡುಗನ ಮುಂದೆ ನಿಂತು, ನೀನೇ ನಮ್ಮ ದೊರೆ ಎಂದರು. ದಾರ ಒಂದೇ ಏಟಿಗೆ ಬಿಚ್ಚಿತು.

ಹೊರಟದ್ದು 1267ರ ಶರತ್ಕಾಲದಲ್ಲಿ, ಉಳಿದ ಆಸ್ತಿಯನ್ನು ಸೋದರಮಾವನಿಗೆ ಅಡವಿಟ್ಟು. ಆ ಮಾವನೂ ಮಲತಂದೆಯೂ ವೆರೋನದವರೆಗೆ ಬಂದು, ದುಡ್ಡು ಮುಗಿದಾಗ ಹಿಂದಿರುಗಿದರು. ನನಗೆ ಅವರ ಮೇಲೆ ಸಿಟ್ಟು ಬರುತ್ತದೆ, ಇತಿಹಾಸ ಓದುವವನಿಗೆ ಸಲ್ಲದ ಸಿಟ್ಟು. ಉಳಿದವನು ಒಬ್ಬ ಗೆಳೆಯ, ಬಾಡೆನ್ನಿನ ಫ್ರೆಡರಿಕ್, ಇವನಿಗಿಂತ ಎರಡು ಮೂರು ವರ್ಷ ದೊಡ್ಡವನು. ಚಿತ್ರದಲ್ಲಿ ಹಿಂದಿರುವ ಸವಾರ ಅವನೇ ಎಂದು ನಂಬಲು ನನಗೆ ಯಾವ ಆಧಾರವೂ ಇಲ್ಲ, ಆದರೂ ನಂಬಿದ್ದೇನೆ. ಪೋಪ್ ಬಹಿಷ್ಕಾರ ಹಾಕಿದ್ದರೂ ಜುಲೈನಲ್ಲಿ ರೋಮ್ ನಗರ ಹುಡುಗನನ್ನು ಹಬ್ಬ ಮಾಡಿ ಬರಮಾಡಿಕೊಂಡಿತು.

1268ರ ಆಗಸ್ಟ್ 23, ತಾಲ್ಯಾಕೊಟ್ಸೊ ಕಾಳಗ. ಅಂದು ನಡೆದದ್ದನ್ನು ಡೇಗೆ ಬೇಟೆ ಬಲ್ಲವರು ಓದಿದರೆ ತುಟಿ ಕಚ್ಚಿಕೊಳ್ಳುತ್ತಾರೆ. ಹಾರಿಬಿಟ್ಟ ಡೇಗೆಯನ್ನು ಮರಳಿ ಕರೆಯಲು ದೊಡ್ಡ ಹಕ್ಕಿಯ ರೆಕ್ಕೆಗಳ ಒಂದು ಕಟ್ಟನ್ನು ಬೀಸುತ್ತಾರೆ; ಅದು ಬೇಟೆಯೆಂದು ತಿಳಿದು ಹಕ್ಕಿ ಎರಗುತ್ತದೆ. ಕಾಡಿನ ಮಿಗಗಳನ್ನು ಸೆಳೆಯಲು ನಮ್ಮ ಹಳೆಯ ಬೇಟೆಗಾರರು ಒಡ್ಡುತ್ತಿದ್ದ ದೀಹದ ಮಿಗವೂ ಇದೇ ಮನೆಯ ಉಪಾಯ. ಅಜ್ಜ ಫ್ರೆಡರಿಕ್ ತನ್ನ ಗ್ರಂಥದ ಒಂದಿಡೀ ಭಾಗವನ್ನು ಆ ರೆಕ್ಕೆಯ ಕಟ್ಟಿಗೇ ಮೀಸಲಿಟ್ಟಿದ್ದಾನೆ. ಚಾರ್ಲ್ಸ್ ಅಂದು ತನ್ನ ರಾಜಲಾಂಛನದ ಮೇಲಂಗಿಯನ್ನು ಬೇರೊಬ್ಬ ಸರದಾರನಿಗೆ ತೊಡಿಸಿ ಮುಂದೆ ಕಳಿಸಿ, ತಾನು ಆಯ್ದ ಸವಾರರೊಂದಿಗೆ ಗುಡ್ಡದ ಮರೆಯಲ್ಲಿ ನಿಂತ. ಕೊನ್ರಾಡನ ಕಡೆಯವರು ಆ ಮೇಲಂಗಿಯ ಮೇಲೆ ಎರಗಿದರು. ತೊಟ್ಟವನು ಸತ್ತ, ಚಾರ್ಲ್ಸ್ ಸತ್ತನೆಂದು ಕೇಕೆ ಹಾಕಿ ಪಾಳೆಯ ಲೂಟಿಗೆ ಚದುರಿದರು. ಆಗ ಗುಡ್ಡದ ಹಿಂದಿನಿಂದ ಚಾರ್ಲ್ಸ್ ಬಂದ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಫ್ರೆಡರಿಕ್‌ನ ಆ ಗ್ರಂಥದ ಚಿತ್ರಗಳಿದ್ದ ಸೊಗಸಾದ ಪ್ರತಿ 1248ರಲ್ಲಿ ಪಾರ್ಮದ ಮುತ್ತಿಗೆಯಲ್ಲಿ ಶತ್ರುಗಳ ಪಾಲಾಗಿತ್ತು. 1265ರ ಸುಮಾರಿಗೆ ಮಿಲಾನಿನ ಒಬ್ಬ ವ್ಯಾಪಾರಿ ಅದನ್ನು ಕೊಳ್ಳುತ್ತೀರಾ ಎಂದು ಪತ್ರ ಬರೆದ. ಯಾರಿಗೆ? ಇದೇ ಆಂಜೂ ಚಾರ್ಲ್ಸ್‌ಗೆ. ಅಜ್ಜ ಮೂವತ್ತು ವರ್ಷ ಹಕ್ಕಿಗಳ ಹಿಂದೆ ಅಲೆದು ಕಂಡದ್ದೆಲ್ಲ ಇದ್ದ ಪುಸ್ತಕದ ಬೆಲೆ, ಮೊಮ್ಮಗನ ಕೊರಳು ಕಡಿಸಲಿದ್ದವನ ಮೇಜಿನ ಮೇಲೆ. ಮುಂದೆ ಆ ಪ್ರತಿ ಕಣ್ಮರೆಯಾಯಿತು. ಇಂದು ವ್ಯಾಟಿಕನ್ನಿನಲ್ಲಿ ಉಳಿದಿರುವುದು ಮ್ಯಾನ್‌ಫ್ರೆಡ್ ಮಾಡಿಸಿದ ಇನ್ನೊಂದು. ಅದರ ಅಂಚುಗಳಲ್ಲಿ ನೂರಾರು ಹಕ್ಕಿಗಳು ಈಜುತ್ತ, ಹಾರುತ್ತ, ಗರಿ ಕೊಡವುತ್ತ ಇವೆ.

ಓಡಿಹೋಗುತ್ತಿದ್ದ ಗೆಳೆಯರಿಬ್ಬರು ಆಸ್ತೂರ ಎಂಬಲ್ಲಿ ಕಡಲ ದಂಡೆಯಲ್ಲಿ ಸಿಕ್ಕಿಬಿದ್ದರು. ಸೆರೆಯಲ್ಲಿ ಚದುರಂಗ ಆಡುತ್ತಿದ್ದಾಗ ಮರಣದಂಡನೆಯ ಸುದ್ದಿ ಬಂತು ಎಂದು ಹೇಳುತ್ತಾರೆ. ಕಟ್ಟೆಯ ಮೇಲೆ ನಿಂತ ಹುಡುಗ ತನ್ನ ಕೈಗವಸು ಕಳಚಿ ಜನರ ನಡುವೆ ಎಸೆದ, ಅದು ಅರಗಾನಿನ ಪೀಟರನ ಕೈಸೇರಿತು, 1282ರಲ್ಲಿ ಸಿಸಿಲಿ ಚಾರ್ಲ್ಸ್‌ನ ವಿರುದ್ಧ ಎದ್ದಾಗ ಅದೇ ನೆವವಾಯಿತು ಎಂಬುದು ಜನ ಕಟ್ಟಿದ ಕಥೆ. ಅಜ್ಜನಾಗಿದ್ದರೆ ಆ ಕೈಗವಸನ್ನು ತರಿಸಿ ನೋಡುತ್ತಿದ್ದ. ಪೀಟರ್ ಮ್ಯಾನ್‌ಫ್ರೆಡ್‌ನ ಅಳಿಯ. ಸಿಸಿಲಿಗೆ ಬರಲು ಅವನಿಗೆ ಕೈಗವಸು ಬೇಕಿರಲಿಲ್ಲ.

ಹುಡುಗನನ್ನು ಹಾಲುಗಲ್ಲದ ಮುಗ್ಧನೆಂದು ಬರೆಯುವ ಆಸೆಯನ್ನೂ ನಾನು ತಡೆದುಕೊಳ್ಳಬೇಕು. ತಾಲ್ಯಾಕೊಟ್ಸೊ ಕಾಳಗಕ್ಕೆ ಮೊದಲು ಇವನ ಕಡೆಯವರೂ ಚಾರ್ಲ್ಸ್‌ನ ಸೇನಾಧಿಕಾರಿಯೊಬ್ಬನನ್ನು ಸೆರೆಯಲ್ಲಿಟ್ಟು ಕೊಂದಿದ್ದರು. ಅವನಿಗಾಗಿ ಯಾರೂ ಕೈಗವಸಿನ ಕಥೆ ಕಟ್ಟಲಿಲ್ಲ.

ಹಾಡುಗಳ ಪುಸ್ತಕದಲ್ಲಿ ಕೊನ್ರಾಡನ ಹೆಸರಿನಲ್ಲಿರುವುದು ಎರಡು ಹಾಡು. ವಯಸ್ಸಿನಲ್ಲಿ ತಾನಿನ್ನೂ ಮಗು, ಒಲವು ತನ್ನನ್ನು ಅದಕ್ಕೇ ಗೋಳುಹೊಯ್ಯುತ್ತಿದೆ ಎಂಬ ಅಳಲು ಒಂದರಲ್ಲಿದೆಯಂತೆ. ರಾಗದ ಗುರುತು ಆ ಪುಸ್ತಕದಲ್ಲಿ ಯಾವ ಹಾಡಿಗೂ ಇಲ್ಲ. ಚಿತ್ರ ಬರೆದವನು ಕೊನ್ರಾಡನನ್ನು ಕಂಡವನಲ್ಲ. ಅವನು ಕುಂಚ ಹಿಡಿಯುವ ಹೊತ್ತಿಗೆ ಹುಡುಗ ಸತ್ತು ಮೂವತ್ತು ವರ್ಷಕ್ಕೂ ಹೆಚ್ಚಾಗಿತ್ತು, ಕಥೆ ಎಲ್ಲರಿಗೂ ಗೊತ್ತಿತ್ತು. ಕಟ್ಟೆ, ಕೊಡಲಿ, ಸಂತೆಯ ಬಯಲು ಯಾವುದನ್ನೂ ಬರೆಯದೆ ಈ ಗಳಿಗೆಯನ್ನೇ ಯಾಕೆ ಆರಿಸಿಕೊಂಡನೋ.

ಮೊನ್ನೆ ರಾತ್ರಿ ಚಿತ್ರವನ್ನು ದೊಡ್ಡದು ಮಾಡುತ್ತ ಹೋದೆ. ಕಿರೀಟ ತೆರೆಯಿಂದಾಚೆ ಸರಿಯಿತು, ಕುದುರೆಯ ಕಿವಿ ಸರಿಯಿತು. ಕೈ ಒಂದು ಮೂಲೆಯಲ್ಲಿ ಉಳಿಯಿತು, ಹಕ್ಕಿ ಇನ್ನೊಂದರಲ್ಲಿ. ನಡುವೆ ಚಿತ್ರಕಾರ ಏನನ್ನೂ ಬರೆದಿಲ್ಲ, ಆಕಾಶಕ್ಕೆಂದು ನೀಲಿಯನ್ನೂ ಹಚ್ಚಿಲ್ಲ. ಬರೀ ತೊಗಲು, ಸ್ವಲ್ಪ ಹಳದಿಗಟ್ಟಿದ್ದು.