ಚೂರುಬಟ್ಟೆಯ ಗಂಟು

ಮಳೆಗಾಲ ಕಳೆದು ದಸರೆ ಸಮೀಪಿಸಿತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಮಂಚದಡಿಯ ಟ್ರಂಕುಗಳು ಹೊರಬರುತ್ತವೆ. ಅಟ್ಟದ ಮೇಲಿನ ಗಂಟುಗಳು ಕೆಳಗಿಳಿಯುತ್ತವೆ. ರೇಶಿಮೆ ಸೀರೆಗಳಿಗೆ ಗಾಳಿಯಾಡಿಸಿ, ಹೊದಿಕೆಗಳಿಗೆ ಬಿಸಿಲು ತೋರಿಸಿ, ಎಲ್ಲವನ್ನೂ ಮಡಚಿಟ್ಟ ಮೇಲೆ ಕೊನೆಗೊಂದು ಗಂಟು ಉಳಿಯುತ್ತದೆ. ಅದು ಹೊಲಿಗೆಯಲ್ಲಿ ಮಿಕ್ಕ ಚೂರುಬಟ್ಟೆಗಳ ಗಂಟು. ರವಿಕೆ ಹೊಲಿದು ಉಳಿದ ಅಂಗೈಯಗಲದ ತುಂಡು, ಹಳೆಯ ಲಂಗದ ಅಂಚು, ಮಂಗಳದಾಸ ಮಾರ್ಕೆಟಿನಲ್ಲಿ ಅಗ್ಗವಾಗಿ ಸಿಕ್ಕಿತೆಂದು ಕೊಂಡ ಕಟ್‌ಪೀಸು, ಅರಿಸಿನ ಕುಂಕುಮದಲ್ಲಿ ಬಂದ, ಯಾರ ಅಳತೆಗೂ ಸಾಲದ ಕಣ. ಬಿಚ್ಚಿ ನೋಡುತ್ತೇವೆ, 'ಇರಲಿ, ಯಾವುದಕ್ಕಾದರೂ ಬಂದೀತು' ಎನ್ನುತ್ತೇವೆ, ಮತ್ತೆ ಕಟ್ಟಿ ಮೇಲಿಡುತ್ತೇವೆ.

ಈ 'ಇರಲಿ' ಎಂಬುದು ಗುಣವೋ ದೋಷವೋ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಮನುಷ್ಯನ ಸ್ವಭಾವ ಬೆಳಕಿಗೆ ಬರುವುದು ಹೆಚ್ಚಾಗಿ ಇಂಥ ಚಿಕ್ಕ ವಿಷಯಗಳಲ್ಲಿಯೇ.

ಗುಣವೆನ್ನಲು ಕಾರಣಗಳಿವೆ. ನಮ್ಮ ಹಿರಿಯರಿಗೆ ಬಟ್ಟೆ ಸುಲಭವಾಗಿ ಸಿಗುತ್ತಿರಲಿಲ್ಲ. ಮಹಾಯುದ್ಧದ ಕಾಲದಲ್ಲಂತೂ, 1943ರಲ್ಲಿ, ಬಟ್ಟೆಗೂ ಕಂಟ್ರೋಲು ಬಂದಿತ್ತು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಚೂರುಗಳನ್ನು ಕೂಡಿಸಿ, ಸಾಲು ಸಾಲಾಗಿ ದಾರವೆಳೆದು ಕೌದಿ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಒಂದು ಮೂಲೆಯಿಂದ ತೊಡಗಿ, ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಬಣ್ಣದ ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿ ಹೂವಿಡುತ್ತಾರೆ. ನಮ್ಮ ಮರಾಠಿ ನೆರೆಯವರ ಗೋಧಡಿಯೂ ಇದರ ತಂಗಿಯೇ. ಇಂಥ ಮನೆಗಳಲ್ಲಿ ಚೂರು ಎತ್ತಿಡುವುದು ವಿವೇಕ. ಏಕೆಂದರೆ ಅಲ್ಲಿ ಚೂರು ಕಾಯುವುದು ಮುಂದಿನ ಕೌದಿಗಾಗಿ. ನಮ್ಮ ಅಟ್ಟದ ಗಂಟು ಕಾಯುವುದು ಯಾವುದಕ್ಕಾಗಿ?

ಇನ್ನೊಂದು ಕಡೆ, ಎತ್ತಿಡುವುದನ್ನೇ ಸಂದೇಹದಿಂದ ಕಂಡವರೂ ನಮ್ಮಲ್ಲಿದ್ದಾರೆ. ನಾಳೆಗೆಂದು ಕೂಡಿಡುವ ಆಸೆಯನ್ನು ಪ್ರಶ್ನಿಸುವಾಗ ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಚಿನ್ನದ ಜೊತೆಗೆ ಬಟ್ಟೆಯ ನೂಲನ್ನೂ ಹೆಸರಿಸುತ್ತಾರೆ. ಜೈನರು ಅಪರಿಗ್ರಹವನ್ನು ವ್ರತವೆಂದೇ ಎಣಿಸಿದರು. ಆದರೆ ಸಂಸಾರಸ್ಥರಾದ ನಾವು ಏನನ್ನೂ ಇಟ್ಟುಕೊಳ್ಳದೆ ಬದುಕುವುದು ಸಾಧ್ಯವಿಲ್ಲ. ಹಾಗಾದರೆ ಎಲ್ಲಿಯವರೆಗೆ ಇಡಬಹುದು?

ಇದಕ್ಕೆ ಬೌದ್ಧರ ವಿನಯಪಿಟಕದಲ್ಲಿ ಒಂದು ಉತ್ತರವಿದೆ. ಕೌಶಾಂಬಿಯ ಉದಯನ ರಾಜನ ರಾಣಿಯರು ಆನಂದನಿಗೆ ಐನೂರು ಚೀವರಗಳನ್ನು ದಾನವಿತ್ತರು. ಇಷ್ಟು ಬಟ್ಟೆ ತೆಗೆದುಕೊಂಡು ಈ ಭಿಕ್ಷು ಅಂಗಡಿಯಿಡುವನೇ ಎಂದು ರಾಜನಿಗೆ ಸಿಟ್ಟು ಬಂತು, ಹೋಗಿ ಕೇಳಿದ. ಚೀವರ ಜೀರ್ಣವಾದ ಭಿಕ್ಷುಗಳಿಗೆ ಹಂಚುವೆನೆಂದು ಆನಂದ ಹೇಳಿದ. ಹಳೆಯ ಚೀವರಗಳನ್ನು ಏನು ಮಾಡುವಿರಿ? ಹಾಸಿಗೆಯ ಮೇಲುಹೊದಿಕೆ. ಅದು ಹಳತಾದರೆ? ಹಾಸಿಗೆಯ ಗವಸು. ಆಮೇಲೆ ನೆಲದ ಹಾಸು, ಕಾಲೊರಸು, ಧೂಳೊರಸುವ ಅರಿವೆ. ಕಡೆಗೆ ಅದನ್ನೂ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲ ಸಾರಿಸುವೆವು ಎಂದ. ರಾಜ ಸಂತೋಷಗೊಂಡು ಇನ್ನೂ ಐನೂರು ಕೊಟ್ಟನಂತೆ. ಆನಂದನ ಬಳಿಯಿದ್ದ ಬಟ್ಟೆಯೇನೂ ಕಡಿಮೆಯಲ್ಲ. ಆದರೆ ಪ್ರತಿಯೊಂದರ ಮುಂದಿನ ಗತಿ ಅವನಿಗೆ ಗೊತ್ತಿತ್ತು. ಎಷ್ಟು ಇಟ್ಟಿದ್ದೇವೆ ಎಂಬುದಕ್ಕಿಂತ, ಇಟ್ಟದ್ದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಬಲ್ಲೆವೇ ಎಂಬುದೇ ಮುಖ್ಯ.

ಈ ಪರೀಕ್ಷೆಯಲ್ಲಿ ನಾವು ಸೋತದ್ದುಂಟು. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಕಲಬುರಗಿ ಕಡೆಯ ಹೆಂಗಸು ಒಂದು ಬೇಸಿಗೆಯಲ್ಲಿ ಕೇಳಿದ್ದಳು: "ಅಕ್ಕಾರ, ಹಳಿ ಅರಿವಿ ಇದ್ರ ಕೊಡ್ರಿ. ಮಗಳ ಬಾಣಂತನಕ್ಕ ಕೌದಿ ಹೊಲೀಬೇಕು." ಕೊಡಬಾರದೆಂದು ನಮಗೇನೂ ಇರಲಿಲ್ಲ. 'ಗಂಟು ಇಳಿಸಬೇಕು, ನೋಡೋಣ' ಎಂದೆವು. ಇಳಿಸಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಮಳೆಗಾಲ ಮುಗಿದು ಗಂಟು ಬಿಚ್ಚಿದಾಗ ಒಳಗೆಲ್ಲ ಬೂಸ್ಟು. ಗಂಜಿ ಹಾಕಿದ ಹತ್ತಿಯ ತುಂಡುಗಳನ್ನು ಹುಳು ತಿಂದಿತ್ತು. ಆ ವೇಳೆಗೆ ಮಗು ಹುಟ್ಟಿ ಮೂರು ತಿಂಗಳಾಗಿತ್ತು. ಆ ಗಂಟನ್ನು ಕಸದ ಡಬ್ಬಿಗೆ ಒಯ್ದವಳೂ ಅವಳೇ. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇಲ್ಲಿ ನಮ್ಮ ತಪ್ಪು ಲೋಭವಲ್ಲ. ಲೋಭಿಗೆ ತನ್ನಲ್ಲಿ ಏನೇನಿದೆ ಎಂಬುದಾದರೂ ಗೊತ್ತಿರುತ್ತದೆ. ನಮಗೆ ಅದೂ ಗೊತ್ತಿರಲಿಲ್ಲ. ಕಣ್ಣಿಗೆ ಕಾಣದಂತೆ ಇಟ್ಟದ್ದು ನಮಗೂ ಒದಗುವುದಿಲ್ಲ, ಕೇಳಿದವರಿಗೂ ಒದಗುವುದಿಲ್ಲ. ಅಚ್ಚುಕಟ್ಟುತನವನ್ನು ನಾವು ಮನೆಯ ಅಂದಕ್ಕೆ ಸಂಬಂಧಿಸಿದ್ದೆಂದು ಎಣಿಸುತ್ತೇವೆ. ಅದು ಧರ್ಮಕ್ಕೂ ಸಂಬಂಧಿಸಿದ್ದು. ಕೊಡುವ ಮನಸ್ಸಿದ್ದರೆ ಸಾಲದು. ಕೇಳಿದ ದಿನ ಕೈಗೆ ಸಿಗುವಂತೆಯೂ ಇರಬೇಕು.

ಅಂದಿನಿಂದ ನಾವು ಕೆಲವು ರೂಢಿಗಳನ್ನು ಇಟ್ಟುಕೊಂಡಿದ್ದೇವೆ. ಹತ್ತಿ, ರೇಶಿಮೆ, ಪಾಲಿಯೆಸ್ಟರ್‌ಗಳನ್ನು ಬೇರೆ ಬೇರೆ ಇಡುವುದು. ಹತ್ತಿಯನ್ನು ಗಂಜಿ ಹೋಗುವಂತೆ ಒಗೆದು, ಪೂರ್ತಿ ಒಣಗಿಸಿಯೇ ಒಳಗಿಡುವುದು. ಈ ಊರಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿದರೆ ತೇವ ಒಳಗೇ ಉಳಿಯುವುದರಿಂದ ಹಳೆಯ ಧೋತರದ ಚೀಲಗಳನ್ನೇ ಹೊಲಿದುಕೊಂಡಿದ್ದೇವೆ. ಜರಿಯ ತುಂಡುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸುತ್ತೇವೆ; ನುಸಿಗುಳಿಗೆ ಜರಿಗೆ ತಾಗದಂತೆ ನೋಡಿಕೊಳ್ಳುತ್ತೇವೆ. ರವಿಕೆಗೆ ಸಾಲುವಷ್ಟು ದೊಡ್ಡವು ಒಂದು ಚೀಲಕ್ಕೆ, ತೇಪೆಗೆ ಕೌದಿಗೆ ಬರುವಂಥವು ಇನ್ನೊಂದಕ್ಕೆ, ಒರಸಲು ಮೂರನೆಯದಕ್ಕೆ. ಚೀಲಗಳು ಅಟ್ಟದಲ್ಲಲ್ಲ, ಹೊಲಿಗೆ ಯಂತ್ರದ ಪಕ್ಕದಲ್ಲಿಯೇ ಇವೆ. ಒಂದು ದಸರೆಯಿಂದ ಇನ್ನೊಂದು ದಸರೆಯವರೆಗೆ ಕೈಹಾಕದ ತುಂಡು ನಮ್ಮದಲ್ಲವೆಂದು ತಿಳಿದು, ಬೇಕಾದವರನ್ನು ನಾವೇ ಹೋಗಿ ಕೇಳುತ್ತೇವೆ. ಹತ್ತಡಿಯ ಖೋಲಿಯಲ್ಲಿಯೂ ಇಷ್ಟು ಸಾಧ್ಯ.

ಆದರೂ ಒಂದು ತೊಡಕು ಉಳಿಯುತ್ತದೆ. ಆನಂದನ ಬಟ್ಟೆ ಕಡೆಗೆ ಮಣ್ಣು ಸೇರಿತು. 1941ರಲ್ಲಿ ಇಂಗ್ಲೆಂಡಿನಲ್ಲಿ ಟೆರಿಲಿನ್ ಕಂಡುಹಿಡಿದ ಮೇಲೆ ನಮ್ಮ ಮೈಮೇಲೆ ಬಂದಿರುವ ಬಟ್ಟೆಗೆ ಆ ದಾರಿಯಿಲ್ಲ. ಅದು ನೀರು ಹೀರದು. ಆದುದರಿಂದ ಒರಸಲು ಬಾರದು. ಸುಟ್ಟರೆ ಕರಗಿ ಅಂಟುತ್ತದೆ, ಹೂಳಿದರೆ ಕೊಳೆಯುವುದಿಲ್ಲ. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಹೆಂಗಸು ಕೂಡ ಚೂರುಗಳನ್ನು ಬದಿಗೆ ಸರಿಸುತ್ತಾಳೆ. ಇಂಥ ಬಟ್ಟೆಯ ವಿಷಯದಲ್ಲಿ 'ಮುಂದೆ ಎಲ್ಲಿಗೆ?' ಎಂಬ ಪ್ರಶ್ನೆಯನ್ನು ಚೂರಾದ ಮೇಲೆ ಕೇಳಿ ಫಲವಿಲ್ಲ. ಅಂಗಡಿಯಲ್ಲಿ, ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಈ ದಸರೆಗೂ ಗಂಟುಗಳು ಇಳಿಯುತ್ತವೆ. 'ಇರಲಿ' ಎನ್ನುವುದು ತಪ್ಪಲ್ಲ. ಯಾರಿಗಾಗಿ, ಎಷ್ಟು ದಿನ ಎಂಬ ಎರಡು ಮಾತನ್ನೂ ಅದಕ್ಕೆ ಸೇರಿಸಿ ಹೇಳೋಣ.