ನೆಲವನ್ನು ಸಮಗೊಳಿಸುವ ಅಧಿಕಾರ

ವಿಷಮವಾದುದನ್ನು ಸಮಮಾಡುವುದು ಮಂಗಳಕಾರ್ಯವೆಂದೇ ನಮ್ಮ ಪುರಾಣಗಳ ಅಭಿಪ್ರಾಯ. ಪೃಥುಚಕ್ರವರ್ತಿಯು ಬಿಲ್ಲಿನ ಕೊಪ್ಪಿನಿಂದ ಗಿರಿಗಳನ್ನು ಸರಿಸಿ ಭೂಮಿಯನ್ನು ಸಮಗೊಳಿಸಿದನೆಂದೂ, ಅದಕ್ಕೆ ಮುಂಚೆ ಗ್ರಾಮಗಳ ಎಲ್ಲೆಯಾಗಲಿ ಕೃಷಿಯಾಗಲಿ ಇರಲಿಲ್ಲವೆಂದೂ ವಿಷ್ಣುಪುರಾಣವು ಹೇಳುತ್ತದೆ. ಇಂದು ಇಂಗ್ಲೆಂಡಿನಲ್ಲಿ ಹುಲ್ಲುಗಾವಲಿನ ಒಡೆಯನೊಬ್ಬನು ಟ್ರಾಕ್ಟರಿನ ಹಿಂದೆ ಉಕ್ಕಿನ ಹಲಗೆಯನ್ನು ಕಟ್ಟಿ, ಉಬ್ಬುಗಳನ್ನು ಹೆರೆದು ತಗ್ಗುಗಳಿಗೆ ತುಂಬುವಾಗ, ತನ್ನ ಅಳತೆಯಲ್ಲಿ ಪೃಥುವಿನ ಕೆಲಸವನ್ನೇ ಮಾಡುತ್ತಾನೆ. ಹುಲ್ಲು ಕೊಯ್ಯುವ ಯಂತ್ರವು ತಡೆಯಿಲ್ಲದೆ ಓಡಬೇಕೆಂಬುದಷ್ಟೇ ಅವನ ಉದ್ದೇಶ. ಇದರಲ್ಲಿ ಧರ್ಮವಿಚಾರವೇನಿದೆ ಎಂದು ವಾಚಕರು ಕೇಳಬಹುದು.

ಅವನ ಪಕ್ಷವು ದುರ್ಬಲವಾದುದಲ್ಲ. ಉಬ್ಬಿನ ಮೇಲೆ ಯಂತ್ರದ ಅಲಗು ಹುಲ್ಲಿನ ಬುಡವನ್ನೇ ಕೆತ್ತಿ ಮಣ್ಣನ್ನು ಬತ್ತಲೆಮಾಡುತ್ತದೆ. ಕಲ್ಲು ತಾಕಿದರೆ ಅಲಗೇ ಮುರಿಯುತ್ತದೆ. ಇಳಿಜಾರಿನಲ್ಲಿ ಒಂದು ಗಾಲಿ ಗುಳಿಗೆ ಬಿದ್ದರೆ ಟ್ರಾಕ್ಟರು ಮಗುಚಿ ಪ್ರಾಣಕ್ಕೇ ಸಂಚಕಾರವುಂಟಾಗಬಹುದು. ದಿನವಿಡೀ ಕುಲುಕಾಟದಲ್ಲಿ ಕುಳಿತವನ ಬೆನ್ನಿಗೆ ಕವಿಗಳ ನಿಸರ್ಗವರ್ಣನೆಯಿಂದ ಸಮಾಧಾನವಾಗದು.

ಆದರೆ ಉಬ್ಬುಗಳೆಲ್ಲ ಒಂದೇ ಜಾತಿಯವಲ್ಲ. ಆ ದೇಶದ ಮಧ್ಯಭಾಗದಲ್ಲಿ ಹಸುರಿನ ಕೆಳಗೆ ಅಲೆಯಲೆಯಾಗಿ ನಿಂತಿರುವ ದಿಣ್ಣೆಗಳುಂಟು. ಮಧ್ಯಯುಗದ ಒಕ್ಕಲು ಎತ್ತುಗಳನ್ನು ಹೂಡಿ, ಮಣ್ಣನ್ನು ವರ್ಷವರ್ಷವೂ ಪಟ್ಟೆಯ ನಡುವಿಗೇ ಮಗುಚುತ್ತ ಉತ್ತುದರಿಂದ ಆದವು ಅವು. ಭೂಮಿ ಮೇವಿಗೆ ಬಿಟ್ಟಮೇಲೆ ಹುಲ್ಲು ಅವನ್ನು ಕಾಪಾಡಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಟ್ರಾಕ್ಟರುಗಳು ಅವುಗಳಲ್ಲಿ ಬಹುಪಾಲನ್ನು ಅಳಿಸಿದವು. ಇನ್ನು ಕೆಲವು ಗುಪ್ಪೆಗಳು ಹಳದಿ ಇರುವೆಗಳ ಮನೆಗಳು. ಕಣಕಣವಾಗಿ ದಶಕಗಟ್ಟಲೆ ಬೆಳೆಯುವ ಈ ಗುಪ್ಪೆಗಳ ಮೇಲೆ ಥೈಮ್ ಎಂಬ ಪರಿಮಳದ ಗಿಡವು ಹಬ್ಬುತ್ತದೆ. ಹಸುರು ಮರಕುಟಿಗವು ಆ ಇರುವೆಗಳನ್ನು ತಿಂದು ಬದುಕುತ್ತದೆ. ಗುಪ್ಪೆಯು ದೊಡ್ಡದಾಗಿದ್ದಷ್ಟೂ ಆ ನೆಲವು ನೇಗಿಲನ್ನು ಕಾಣದೆ ಬಹುಕಾಲವಾಯಿತೆಂದು ತಿಳಿಯಬೇಕು. ಉಕ್ಕಿನ ಹಲಗೆಗೆ ಇದೂ ಒಂದೇ, ಕಳೆದ ಚಳಿಗಾಲದ ಗಾಲಿಜಾಡೂ ಒಂದೇ.

ನೆಲವು ತಾನಾಗಿ ಸಮವಾಗುವ ಬಗೆಯೂ ಒಂದುಂಟು. ಡೌನ್ ಗ್ರಾಮದಲ್ಲಿ ಚಾರ್ಲ್ಸ್ ಡಾರ್ವಿನನ ಹೊಲವೊಂದನ್ನು 1841ರಲ್ಲಿ ಕಡೆಯ ಸಾರಿ ಉತ್ತು ಹುಲ್ಲಿಗೆ ಬಿಟ್ಟರು. ಅದರ ತುಂಬ ಕಲ್ಲುಗಳಿದ್ದುದರಿಂದ ಅವನ ಮಕ್ಕಳು ಅದನ್ನು ಕಲ್ಲುಹೊಲವೆಂದೇ ಕರೆಯುತ್ತಿದ್ದರು. ಎರೆಹುಳುಗಳು ಒಳಗಿನ ಮಣ್ಣನ್ನು ಮೇಲಕ್ಕೆ ತಂದು ಹಾಕುತ್ತ ಹೋದವು, ಕಲ್ಲುಗಳು ಒಳಗಿಳಿದವು. 1871ರ ವೇಳೆಗೆ ಕುದುರೆಯು ಆ ಕೊನೆಯಿಂದ ಈ ಕೊನೆಗೆ ನಾಗಾಲೋಟದಿಂದ ಓಡಿದರೂ ಲಾಳಕ್ಕೆ ಒಂದು ಕಲ್ಲು ತಾಕುವಂತಿರಲಿಲ್ಲ. ಇದನ್ನು ಅವನು 1881ರಲ್ಲಿ ಪ್ರಕಟವಾದ ಎರೆಹುಳುಗಳ ಗ್ರಂಥದಲ್ಲಿ ಬರೆದಿಟ್ಟನು. ಮೂವತ್ತು ವರ್ಷ ಕಾಯಿರೆಂದು ರೈತನಿಗೆ ಹೇಳುವುದು ಹಾಸ್ಯವಾದೀತು, ನಿಜ. ಆದರೂ ಅವಸರದ ಹಲಗೆಯು ಮಾಡುವುದೇನು? ಉಬ್ಬಿನ ಮೇಲ್ಮಣ್ಣೆಲ್ಲ ತಗ್ಗನ್ನು ಸೇರಿ, ಸಾರವಿಲ್ಲದ ಅಡಿಮಣ್ಣು ಬಯಲಾಗಿ, ಅಲ್ಲಿ ಹುಲ್ಲು ತೆಳುವಾಗುತ್ತದೆ. ಒದ್ದೆ ನೆಲದ ಮೇಲೆ ಭಾರದ ಉರುಳೆಯನ್ನು ಎಳೆದರೆ ಮಣ್ಣು ಬಿಗಿದು ನೀರು ಮಡುಗಟ್ಟುತ್ತದೆ. ಬಲ್ಲವರು ಮೊದಲು ಮೇಲ್ಮಣ್ಣನ್ನು ತೆಗೆದು ಬದಿಗಿಟ್ಟು, ಅಡಿಯನ್ನು ಸಮಮಾಡಿ, ಅದನ್ನೇ ಮತ್ತೆ ಹರಡುತ್ತಾರೆ.

ಈಗ ಪೃಥುವಿನ ಕಥೆಯನ್ನು ಇನ್ನೊಮ್ಮೆ ನೋಡತಕ್ಕದ್ದು. ಅಲ್ಲಿ ಸಮಗೊಳಿಸೆಂದು ಬೇಡಿದವಳು ಗೋರೂಪದ ಭೂದೇವಿಯೇ. ತನ್ನ ಹಾಲು ಎಲ್ಲೆಡೆಯೂ ಹರಿಯಲಿ ಎಂದು ವಿಷ್ಣುಪುರಾಣದಲ್ಲಿಯೂ, ಮಳೆ ಕಳೆದಮೇಲೂ ನೀರು ನಿಲ್ಲಲಿ ಎಂದು ಭಾಗವತದಲ್ಲಿಯೂ ಆಕೆ ಕೇಳುತ್ತಾಳೆ. ಇಲ್ಲಿ ಬೇಡುವುದು ಅಲಗು. ಕಾಲಿಗೆ ಮುಳ್ಳು ತಾಕದಿರಲೆಂದು ಭೂಮಿಗೆಲ್ಲ ತೊಗಲು ಹೊದಿಸಬೇಕೋ, ಪಾದಕ್ಕೆ ಕೆರ ಮೆಟ್ಟಬೇಕೋ ಎಂಬ ಸಂಸ್ಕೃತದ ದೃಷ್ಟಾಂತವು ಇಲ್ಲಿಗೆ ಸಲ್ಲುತ್ತದೆ. ಉದ್ದಹಿಡಿಯ ಕುಡುಗೋಲಿನವನು ನೆಲದ ಏರಿಳಿತಕ್ಕೆ ಕೈಯನ್ನು ಬಾಗಿಸುತ್ತಿದ್ದನು. ಯಂತ್ರದ ಅಲಗನ್ನೂ ಎರಡು ಬೆರಳಿನಷ್ಟು ಮೇಲೆತ್ತಬಹುದು. ಎಷ್ಟೋ ಕಡೆ ಅಷ್ಟೇ ಸಾಕಾಗುತ್ತದೆ.

ಸಾಲದ ಕಡೆಗಳೂ ಇವೆ. ತನ್ನ ಟ್ರಾಕ್ಟರೇ ಕೆಸರಿನಲ್ಲಿ ತೋಡಿದ ಜಾಡನ್ನು ಮುಚ್ಚಲು, ಸವಾರನನ್ನು ಕೆಡಹುವ ಗುಳಿಯನ್ನು ತುಂಬಲು ಒಡೆಯನು ಯಾರನ್ನೂ ಕೇಳಬೇಕಾಗಿಲ್ಲ. ಇರುವೆಯ ಗುಪ್ಪೆಯ ಮುಂದೆಯೂ, ಹೆಸರಿಲ್ಲದ ಒಕ್ಕಲು ಎಬ್ಬಿಸಿದ ದಿಣ್ಣೆಯ ಮುಂದೆಯೂ ಅವನು ಟ್ರಾಕ್ಟರನ್ನು ನಿಲ್ಲಿಸಿ, ಕೆಳಗಿಳಿದು, ಒಂದು ಗಳಿಗೆ ನೋಡಿದರೆ ಅಂದಿನ ಕೊಯ್ಲಿಗೆ ಹೆಚ್ಚು ತಡವಾಗದು.